ಪೊರಕೆ ಬಿಡಿಸಿ ಬ್ಯುರೆಟ್ ಹಿಡಿಸಿದೆ: ನನ್ನ ಎನ್‌ಎಸ್‌ಎಸ್ ಅನುಭವ

ಎನ್‌ಎಸ್‌ಎಸ್‌ನಲ್ಲಿ (ರಾಷ್ಟ್ರೀಯ ಸೇವಾ ಯೋಜನೆ) ವರ್ಷಕ್ಕೆ 120 ಗಂಟೆ ಸೇವೆ ತುಂಬಿಸೋದು ಕಷ್ಟವಲ್ಲ. ಗಿಡ ನೆಡಿಸಿ, ರಸ್ತೆ ಗುಡಿಸಿ, ಫೋಟೊ ತೆಗೆಸಿದರೆ ಆಯ್ತು, ನಿಮಗೂ ಗೊತ್ತು. ಪಾವಗಡ ಸೀಮೆಯ ನಮ್ಮ ಕಾಲೇಜಿನಲ್ಲಿ ಆ ಗಂಟೆಗಳನ್ನು ನಾನು ಬಿಎಸ್ಸಿ ಕೆಮಿಸ್ಟ್ರಿ ಪ್ರಾಕ್ಟಿಕಲ್‌ಗೆ ಗಂಟು ಹಾಕಿದೆ. ನೀರಿನ ಗಡಸುತನ ಅಳೆಯೋದು ಹೇಗೂ ಇದೆ. ಆ ನೀರು ಹುಡುಗರ ಊರಿನ ಬೋರ್‌ವೆಲ್‌ದೇ ಆಗಲಿ, ಜೊತೆಗೆ, ಹೆಚ್ಚಾದರೆ ಹಲ್ಲು-ಮೂಳೆ ಕೆಡಿಸುವ ಫ್ಲೋರೈಡೂ ನೋಡಲಿ ಅಂದೆ. 'ಎಷ್ಟು ದಿನ ನಡೆಯುತ್ತೆ ನೋಡೋಣ ಸಾರ್' ಅಂತ ಸ್ಟಾಫ್ ರೂಮಿನಲ್ಲಿ ನಕ್ಕರು. ಈಗ ಮೂರನೇ ಬ್ಯಾಚ್.

ಮೊದಲ ವರ್ಷ ಮಾತ್ರ ಪೂರ್ತಿ ಹಳ್ಳ ಹಿಡಿಯಿತು. ಅಂಗಡಿಯವನು ಹಳೇ ಫ್ಲೋರೈಡ್ ಕಿಟ್ ದಾಟಿಸಿದ್ದ. ಯಾವ ಊರಿನ ನೀರು ಹಾಕಿದರೂ ಒಂದೇ ಬಣ್ಣ. ನಾಲ್ಕು ಸಾವಿರದ ಆಸುಪಾಸು ಹೋಯಿತು. ಹುಡುಗರು ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಸ್ಯಾಂಪಲ್ ತಂದರು, ಕೆಲವದರಲ್ಲಿ ಇನ್ನೂ ಕಿತ್ತಳೆ ವಾಸನೆ! ಒಬ್ಬ ಅಜ್ಜಿ 'ನಲ್ಲಿಗೆ ಮೀಟ್ರು ಹಾಕಾಕೆ ಬಂದ್ರೇನಪ್ಪಾ' ಅಂತ ಬಾಗಿಲು ಹಾಕಿಕೊಂಡರು. ಅನುದಾನ ಕಾಯುತ್ತಾ ಕೂತರೆ ಸೆಮಿಸ್ಟರ್ ಮುಗಿಯುತ್ತೆ ಅಂತ ಬಸ್ ಚಾರ್ಜು, ಗಡಸುತನ ಅಳೆಯೋಕೆ ಬೇಕಾದ ಇಡಿಟಿಎ, ಬಫರ್ ದ್ರಾವಣ ಎಲ್ಲ ನನ್ನ ಜೇಬಿನಿಂದಲೇ. ಹತ್ತು ಸಾವಿರ ದಾಟಿರಬೇಕು. ಮನೆಯಲ್ಲಿ ಲೆಕ್ಕ ಹೇಳಿಲ್ಲ.

ಎರಡನೇ ವರ್ಷ, ಯಾರೂ ಬೇರೆ ಊರಿಗೆ ಹೋಗುವ ಹಾಗಿಲ್ಲ, ಅವರವರ ಬೀದಿಯೇ ಅಂದೆ. ಬಾಗಿಲುಗಳು ತಾವಾಗಿ ತೆರೆದವು. ಒಂದೇ ನೀರನ್ನು ಎರಡು ನಂಬರ್ ಹಾಕಿ ಸುಮ್ನೆ ಕೊಡುತ್ತಿದ್ದೆ. ಅಂದಾಜಿಗೆ ಬರೆಯುವವರು ಅಲ್ಲೇ ಸಿಕ್ಕಿಬೀಳುತ್ತಿದ್ದರು. ಒಂದು ಬೋರ್‌ವೆಲ್‌ನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಲೀಟರಿಗೆ 500 ಮಿಲಿಗ್ರಾಂ ಒಳಗೇ ಇತ್ತು, ಫ್ಲೋರೈಡ್ ಮಾತ್ರ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿತ್ತು. ಟಿಡಿಎಸ್ ಮೀಟರ್ ನಂಬಿಕೊಂಡವರಿಗೆ ಇದು ಕಾಣೋದೇ ಇಲ್ಲ. 'ನಾವು ಕಾಯಿಸಿ ಕುಡೀತೀವಿ ಕಣೋ' ಅನ್ನುವ ತಾಯಿಗೆ, ಕಾಯಿಸಿದರೆ ನೀರು ಇಂಗಿ ಫ್ಲೋರೈಡ್ ಇನ್ನೂ ಜಾಸ್ತಿ ಆಗುತ್ತೆ ಅಂತ ಮಗ ಒಪ್ಪಿಸಬೇಕು. ನನ್ನ ಪ್ರಕಾರ ವೈವಾ (ಮೌಖಿಕ ಪರೀಕ್ಷೆ) ಅಂದ್ರೆ ಅದೇ.

ನಡುವೆ ತೊಗರಿಬೇಳೆಯನ್ನು ಬೋರ್ ನೀರು, ಆರ್‌ಒ ನೀರು, ಮಳೆನೀರಿನಲ್ಲಿ ಬೇಯಿಸಿ ನೋಡಿದೆವು. ಮಳೆನೀರಿನ ಬೇಳೆ ಮೊದಲು ಕರಗಿತು, ಬೋರ್ ನೀರಿನದು ಕೊನೆಗೂ ಕಾಳುಕಾಳು. ಹೆಂಗಸರಿಗೆ ಗಡಸುತನ ಅರ್ಥವಾಗಿದ್ದು ಇದರಿಂದಲೇ, ಲ್ಯಾಬಿನಲ್ಲಿ ಬ್ಯುರೆಟ್ ಹಿಡಿದು ಮಾಡುವ ನಮ್ಮ ಟೈಟ್ರೇಷನ್‌ನಿಂದಲ್ಲ.

ಕೊನೆಗೆ ಒಂದೇ ಹಾಳೆಯ ವರದಿಯನ್ನು ಹುಡುಗಿಯೊಬ್ಬಳು ಗ್ರಾಮಸಭೆಯಲ್ಲಿ ಓದಿದಳು. ಸರ್ಕಾರಿ ಲ್ಯಾಬಿಗೆ ಸ್ಯಾಂಪಲ್ ಹೋಯಿತು, ನಮ್ಮ ಅಂಕಿಗೂ ಅವರದಕ್ಕೂ ಹೆಚ್ಚು ವ್ಯತ್ಯಾಸ ಬರಲಿಲ್ಲ. ಕುಡಿಯೋಕೂ ಅಡುಗೆಗೂ ಬೇಡ ಅಂತ ಫ್ಲೋರೈಡ್ ಹೆಚ್ಚಿದ್ದ ಆ ಬೋರ್‌ವೆಲ್‌ಗೆ ಕೆಂಪು ಬಣ್ಣ ಬಳಿದರು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇದನ್ನು ಸಭೆಗೆ ತರುವ ಹಾಗೆ ನಾನು ಮಾಡಿದ್ದು ಹೇಗೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಎದುರಿಗೆ ಸಿಕ್ಕರೆ ಹೇಳುತ್ತೇನೆ. ಈಗ ಬಾಟನಿಯವರೂ ಸೇರಿಕೊಳ್ಳುತ್ತೇವೆ ಅಂತಿದ್ದಾರೆ. ಮುಂದಿನ ಕಿಟ್ಟಿನ ದುಡ್ಡು ನಿಮ್ಮದು ಅಂದಿದ್ದೇನೆ.