ಕಾರಾಗೃಹದ ಬೀಡಿ: ನಿಷೇಧಕ್ಕೆ ಮೊದಲು ನಾವು ಮಾಡಿದ ಕೆಲಸ

ಕಾರಾಗೃಹಗಳಲ್ಲಿ ಧೂಮಪಾನವನ್ನು ನಿಷೇಧಿಸಬೇಕೇ ಎಂದು ಕೇಳಿದರೆ, ಹಾಸನ ಜಿಲ್ಲೆಯಲ್ಲಿ ತಂಬಾಕು ಬಿಡಿಸುವ ಆಪ್ತಸಮಾಲೋಚಕನಾಗಿ ಕೆಲಸ ಮಾಡುವ ನಾನು ಹೌದು ಎಂದೇ ಉತ್ತರಿಸುತ್ತೇನೆ. ಆದರೆ ಆ ಆದೇಶಕ್ಕೆ ಸಹಿ ಬೀಳುವ ಮೊದಲು ಆಗಬೇಕಾದ ಕೆಲಸ ಬಹಳವಿದೆ. ಈ ಭಾಗದ ಒಂದು ಕಾರಾಗೃಹದಲ್ಲಿ ಅಲ್ಲಿನ ಅಧೀಕ್ಷಕರು, ವೈದ್ಯಾಧಿಕಾರಿ ಮತ್ತು ನಾನು ಸೇರಿ ಅದನ್ನು ಹಂತಹಂತವಾಗಿ ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ನಿಲುವಿಗೆ ಮುಖ್ಯ ಕಾರಣ ಸಂಜೆಯ ಲಾಕಪ್. ತಲೆ ಎಣಿಕೆ ಮುಗಿದು ಬ್ಯಾರಕ್ಕಿಗೆ ಬೀಗ ಬಿದ್ದರೆ ಮತ್ತೆ ಬಾಗಿಲು ತೆರೆಯುವುದು ಬೆಳಗ್ಗೆಯೇ; ಅಷ್ಟು ಹೊತ್ತೂ ಹತ್ತಾರು ಜನ ಒಂದೇ ಸೂರಿನಡಿ, ಒಂದೇ ಗಾಳಿಯಲ್ಲಿ ಇರಬೇಕು. ಮಳೆಗಾಲದಲ್ಲಿ ಎರಚಲು ಬಡಿಯುತ್ತದೆಂದು ಇರುವ ಕಿಟಕಿಗಳಿಗೂ ಪ್ಲಾಸ್ಟಿಕ್ ಹಾಳೆ ಕಟ್ಟಿರುತ್ತಾರೆ. ಬಸ್ಸಿನಲ್ಲಿ ಪಕ್ಕದವನು ಬೀಡಿ ಹಚ್ಚಿದರೆ ಕಂಡಕ್ಟರನಿಗೆ ಹೇಳಬಹುದು, ಇಲ್ಲವೇ ಮುಂದಿನ ನಿಲ್ದಾಣದಲ್ಲಿ ಇಳಿಯಬಹುದು. ಬ್ಯಾರಕ್ಕಿನಲ್ಲಿ ಉಬ್ಬಸವಿರುವ ಬಂದಿಗೆ ಇವೆರಡೂ ಸಾಧ್ಯವಿಲ್ಲ. ಧೂಮಪಾನವು ಕ್ಷಯರೋಗದ ಅಪಾಯವನ್ನು ಹೆಚ್ಚಿಸುತ್ತದೆ, ಕ್ಷಯವಾದರೋ ಇಂತಹ ಇಕ್ಕಟ್ಟಿನ ಕೋಣೆಗಳಲ್ಲಿಯೇ ಬೇಗ ಹರಡುತ್ತದೆ.

ಕಾನೂನಿನ ಸ್ಥಿತಿಯೂ ವಿಚಿತ್ರವಾಗಿದೆ. ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ 2003ರ ಕಾಯ್ದೆಯು ಧೂಮಪಾನ ಮಾಡಬಾರದ ಸಾರ್ವಜನಿಕ ಸ್ಥಳಗಳ ಪಟ್ಟಿಯಲ್ಲಿ ಆಸ್ಪತ್ರೆ, ನ್ಯಾಯಾಲಯ, ಸರ್ಕಾರಿ ಕಚೇರಿಗಳನ್ನು ಹೆಸರಿಸುತ್ತದೆ. 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಅದಕ್ಕೆ ಕೆಲಸದ ಸ್ಥಳಗಳನ್ನೂ ಸೇರಿಸಿದವು. ಕಾರಾಗೃಹದ ಹೆಸರು ಬಿಡಿಯಾಗಿ ಅಲ್ಲಿಲ್ಲ. ಆದರೂ ಬ್ಯಾರಕ್ಕು ವಾರ್ಡರುಗಳ ಕೆಲಸದ ಸ್ಥಳವಲ್ಲವೇ ಎಂಬ ವಾದವನ್ನು ನಾವು ಮುಂದಿಟ್ಟೆವು, ಅಧೀಕ್ಷಕರು ಒಪ್ಪಿದರು. ಕರ್ನಾಟಕವು ಈ ಕಾಯ್ದೆಗೆ ತಂದ ತಿದ್ದುಪಡಿಯಿಂದ ದಂಡವು 200 ರೂಪಾಯಿಯಿಂದ 1,000 ರೂಪಾಯಿಗೆ ಏರಿದೆ, ತಂಬಾಕು ಕೊಳ್ಳುವವನ ಕನಿಷ್ಠ ವಯಸ್ಸು 21 ಆಗಿದೆ. ಹತ್ತೊಂಬತ್ತರ ಹುಡುಗನೊಬ್ಬನಿಗೆ ಹೊರಗಿನ ಪೆಟ್ಟಿ ಅಂಗಡಿಯವನು ಬೀಡಿ ಮಾರಿದರೆ ತಪ್ಪು, ಅದೇ ಹುಡುಗನು ವಿಚಾರಣಾಧೀನ ಬಂದಿಯಾಗಿ ಒಳಗೆ ಬಂದ ಮೊದಲ ರಾತ್ರಿಯೇ ಅವನ ಕೈಗೆ ಬೀಡಿ ಸಿಗುವುದಾದರೆ, ಅವನನ್ನು ನಮ್ಮ ವಶದಲ್ಲಿಟ್ಟುಕೊಂಡು ನಾವು ಏನು ಕಾಪಾಡಿದಂತಾಯಿತು?

ವಿರೋಧದ ಮಾತುಗಳನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2022ರ ರಾಷ್ಟ್ರೀಯ ಅಂಕಿಅಂಶದ ಪ್ರಕಾರ ದೇಶದ ಬಂದಿಗಳಲ್ಲಿ ಶೇ. 75.8ರಷ್ಟು ಮಂದಿ ವಿಚಾರಣಾಧೀನರು. ಅವರ ತಪ್ಪು ಇನ್ನೂ ಸಾಬೀತಾಗಿಲ್ಲ. ಜಾಮೀನಿಗೆ ಶ್ಯೂರಿಟಿ ಸಿಗದೆ ಕುಳಿತಿರುವವನಿಂದ ಇದ್ದೊಂದು ಬೀಡಿಯನ್ನೂ ಕಿತ್ತುಕೊಳ್ಳುವುದು ನ್ಯಾಯವೇ ಎಂದು ವಕೀಲ ಮಿತ್ರರೊಬ್ಬರು ಕೇಳಿದ್ದರು. ಸಮಾನತೆಯ ಪ್ರಶ್ನೆಯೂ ಇದೆ. 2024ರ ಆಗಸ್ಟಿನಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ಚಿತ್ರನಟರೊಬ್ಬರು ಸಿಗರೇಟು ಹಿಡಿದು ಕುರ್ಚಿಯಲ್ಲಿ ಕುಳಿತಿದ್ದ ಚಿತ್ರ ಹೊರಬಿದ್ದ ಮೇಲೆ, ನನ್ನ ಗುಂಪಿನಲ್ಲಿದ್ದವನೊಬ್ಬ "ದುಡ್ಡಿದ್ದೋರಿಗೆ ಸಿಗರೇಟು, ನಮಗೆ ಬರೀ ಭಾಷಣವಾ ಸಾ?" ಎಂದು ಕೇಳಿಯೇಬಿಟ್ಟ. ನಿಷೇಧವಾದರೆ ಎಲ್ಲರಿಗೂ ಆಗಬೇಕು ಎಂಬುದನ್ನು ಬಿಟ್ಟರೆ ನನ್ನ ಬಳಿ ಬೇರೆ ಉತ್ತರವಿರಲಿಲ್ಲ. ವಕೀಲರಿಗೆ ಹೇಳಿದ್ದು ಬೇರೆ: ಬೀಡಿ ಸೇದದವನೂ ಅದೇ ಬ್ಯಾರಕ್ಕಿನಲ್ಲಿ ಶ್ಯೂರಿಟಿ ಇಲ್ಲದೆ ಕುಳಿತಿದ್ದಾನೆ, ಅವನ ಪರವಾಗಿ ವಾದಿಸುವವರು ಯಾರು?

ಆರೋಗ್ಯಕ್ಕಿಂತ ಮೊದಲು ನಾವು ಕೈಹಾಕಬೇಕಾಗಿ ಬಂದದ್ದು ಸಾಲಕ್ಕೆ. ಒಳಗೆ ಬೀಡಿಯೆಂದರೆ ಹಣ. ಸಂಜೆ ಒಂದು ಬೀಡಿ ಸಾಲ ಪಡೆದವನು ಮರುದಿನ ಎರಡು ಕೊಡಬೇಕು, ತಪ್ಪಿದರೆ ನಾಲ್ಕು. ಮುಲಾಖಾತಿಗೆ ಯಾರೂ ಬಾರದ ಬಡವನು ಈ ಬಡ್ಡಿಯನ್ನು ಇನ್ನೊಬ್ಬರ ಬಟ್ಟೆ ಒಗೆದೋ, ಶೌಚಾಲಯ ತೊಳೆಯುವ ಅವರ ಸರದಿಯನ್ನು ತಾನು ಮಾಡಿಯೋ ತೀರಿಸುತ್ತಿದ್ದ. ಒಂದು ಬೀಡಿಯನ್ನು ಉಗುರಿನಿಂದ ಎರಡಾಗಿ ಮುರಿದು, ತುದಿಯ ದಾರವಿರುವ ತುಂಡಿಗೆ ಒಂದು ಬೆಲೆ, ದಾರವಿಲ್ಲದ ತುಂಡಿಗೆ ಇನ್ನೊಂದು ಬೆಲೆ ಕಟ್ಟುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಇಂತಹ ಕಡೆ ಏಕಾಏಕಿ ನಿಷೇಧ ಹೇರಿದರೆ ಸಾಲ ಅಳಿಯುವುದಿಲ್ಲ, ಸಿಗುವ ಬೀಡಿಯ ಬೆಲೆ ಹೆಚ್ಚಿ ಬಡ್ಡಿ ಇನ್ನಷ್ಟು ಬೆಳೆಯುತ್ತದೆ. ಆದ್ದರಿಂದ ಪ್ರತಿ ಬ್ಯಾರಕ್ಕಿನ ಹಿರಿಯರನ್ನು ಕೂರಿಸಿಕೊಂಡು ಬಡ್ಡಿ ಮನ್ನಾ, ಒಂದಕ್ಕೆ ಒಂದು ಮಾತ್ರ ಎಂದು ಒಪ್ಪಿಸಿದೆವು. ಅಷ್ಟನ್ನೂ ತೀರಿಸಲಾಗದೆ ಹೆದರಿದ್ದ ಕೆಲವರನ್ನು ಅಧೀಕ್ಷಕರು ಸದ್ದಿಲ್ಲದೆ ಬೇರೆ ಬ್ಯಾರಕ್ಕಿಗೆ ಬದಲಿಸಿದರು.

ಅನಂತರ ಬಂದದ್ದು ಬ್ಯಾರಕ್ಕುಗಳ ವಿಂಗಡಣೆ. ಕ್ಷಯ, ಉಬ್ಬಸ, ಹೃದ್ರೋಗವಿದ್ದವರನ್ನೂ ಸೇದದವರನ್ನೂ ಒಂದು ಬ್ಯಾರಕ್ಕಿನಲ್ಲಿರಿಸಿ ಅಲ್ಲಿ ಮೊದಲು ನಿಷೇಧ ಜಾರಿಯಾಯಿತು; ಉಳಿದವರಿಗೆ ಹಗಲು ಹೊತ್ತಿನಲ್ಲಿ ಅಂಗಳದಲ್ಲಿ ಮಾತ್ರ ಅವಕಾಶ. ಇದರಲ್ಲಿ ಗಲಾಟೆಯೇನೂ ಆಗಲಿಲ್ಲ.

ಚಿಕಿತ್ಸೆಗೆ ಬಂದವರನ್ನು ನಾನು ಕೇಳುತ್ತಿದ್ದುದು ಎರಡೇ ಪ್ರಶ್ನೆ: ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ, ದಿನಕ್ಕೆ ಎಷ್ಟು ಬೀಡಿ. ಎದ್ದ ಅರ್ಧ ಗಂಟೆಯೊಳಗೆ ಹಚ್ಚುವವನ ಚಟ ಆಳವಾದದ್ದು, ಅಂಥವನಿಗೆ 4 ಮಿಲಿಗ್ರಾಂ ನಿಕೋಟಿನ್ ಗಮ್ (ಬೀಡಿಯ ಬದಲಿಗೆ ಅಗಿದು ಸೆಳೆತ ತಗ್ಗಿಸಿಕೊಳ್ಳುವ ಔಷಧ), ಉಳಿದವರಿಗೆ 2 ಮಿಲಿಗ್ರಾಂ. ಗಮ್ ಎಂದೊಡನೆ ಭದ್ರತೆಯವರು ಬೆಚ್ಚಿದರು, ಏಕೆಂದರೆ ಅಗಿದ ಗಮ್ ಬೀಗದ ಕಿಂಡಿಗೆ ತುರುಕಲು ಹೇಳಿಮಾಡಿಸಿದ ವಸ್ತು. ಕೊನೆಗೆ ಜೈಲು ಆಸ್ಪತ್ರೆಯ ಸಿಬ್ಬಂದಿಯೇ ಒಂದೊಂದಾಗಿ ಕೊಡುವುದು, ಅರ್ಧ ಗಂಟೆಯ ಮೇಲೆ ಅಗಿದ ಚೂರನ್ನು ಕಾಗದದಲ್ಲಿ ಸುತ್ತಿ ಹಿಂದಿರುಗಿಸಿಕೊಳ್ಳುವುದು ಎಂಬ ಕ್ರಮಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಬೀಡಿಯ ಸೆಳೆತ ಹೆಚ್ಚುವುದು ಬೀಗ ಬಿದ್ದ ಮೇಲೆ. ಆದ್ದರಿಂದ ಲಾಕಪ್ಪಿಗೆ ಮುಂಚೆ ಒಂದು ಗಮ್ ಕೈಗೆ ಕೊಟ್ಟು ಮರುದಿನ ಬಾಗಿಲು ತೆರೆದಾಗ ಚೂರನ್ನು ಎಣಿಸಿಕೊಳ್ಳುವಂತೆ ಮಾಡಿಸಲು ಮತ್ತಷ್ಟು ಮಾತುಕತೆ ನಡೆಸಬೇಕಾಯಿತು. ನನ್ನ ಅನುಭವದಲ್ಲಿ ಇಡೀ ಕಾರ್ಯಕ್ರಮ ನಿಂತದ್ದು ಈ ರಾತ್ರಿಯ ಒಂದು ಗಮ್ಮಿನ ಮೇಲೆ.

ಗಮ್ ಅಗಿಯುವುದನ್ನೂ ಕಲಿಸಬೇಕಾಗುತ್ತದೆ. ಅರಕಲಗೂಡು ಕಡೆಯ ಹಿರಿಯರೊಬ್ಬರು ವರ್ಷಗಟ್ಟಲೆ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪನ್ನು ಬಿಸಿಯಲ್ಲಿ ಹದಗೊಳಿಸುವ ಮನೆಯಲ್ಲಿ, ಹೊಗೆಸೊಪ್ಪು ಬೇಯಿಸಿ ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹಾಕಿದವರು. ಅವರು ಗಮ್ಮನ್ನು ಎಲೆಅಡಿಕೆಯಂತೆ ಜೋರಾಗಿ ಅಗಿದು ರಸ ನುಂಗಿದರು. ಬಿಕ್ಕಳಿಕೆ, ಎದೆಯುರಿ ಶುರುವಾಗಿ "ಬಾಯೆಲ್ಲ ಉರೀತೈತೆ ಸಾ, ಬೀಡಿನೇ ವಾಸಿ" ಎಂದರು. ನಿಕೋಟಿನ್ ಸೇರಬೇಕಾದದ್ದು ಕೆನ್ನೆಯ ಒಳಪೊರೆಯ ಮೂಲಕ. ಮೆಲ್ಲಗೆ ಅಗಿದು, ನಾಲಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು, ಚುರುಗು ಇಳಿದ ಮೇಲೆ ಮತ್ತೆ ಅಗಿಯಬೇಕು. ಗಮ್ಮಿಗೆ ಕಾಲು ಗಂಟೆ ಮೊದಲಿನಿಂದ ಚಹಾ, ಕಾಫಿ ಕುಡಿಯಬಾರದು. ಆದ್ದರಿಂದ ಬೆಳಗಿನ ಚಹಾದ ವೇಳೆಗೂ ಗಮ್ ಕೊಡುವ ವೇಳೆಗೂ ಅಂತರವಿರಿಸಿದೆವು.

ಬೀಡಿ ಬಿಟ್ಟ ಎರಡನೆಯ, ಮೂರನೆಯ ದಿನ ಸಿಡುಕು, ನಿದ್ರಾಹೀನತೆ ಹೆಚ್ಚು. ಮೂರು ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಹೊಗೆಯು ಯಕೃತ್ತಿನಲ್ಲಿ ಕೆಲವು ವಸ್ತುಗಳು ಬೇಗ ಕರಗುವಂತೆ ಮಾಡುತ್ತದೆ. ಹೊಗೆ ನಿಂತೊಡನೆ ಅವು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಕೆಫೀನ್ ಅಂಥದ್ದೇ, ಹೀಗಾಗಿ ಬಿಟ್ಟ ಹೊಸದರಲ್ಲಿ ಅದೇ ಎರಡು ಲೋಟ ಕಾಫಿ ನಿದ್ದೆ ಕೆಡಿಸುತ್ತದೆ. ಮನೋರೋಗಕ್ಕೆ ಕೊಡುವ ಕ್ಲೋಜಪಿನ್, ಒಲಾಂಜಪಿನ್ ಔಷಧಗಳೂ ಹೀಗೆಯೇ. ಇವುಗಳನ್ನು ಸೇವಿಸುತ್ತಿದ್ದ ಬಂದಿಗಳ ಪಟ್ಟಿಯನ್ನು ಮೊದಲೇ ಮಾಡಿ, ವೈದ್ಯರು ಪ್ರಮಾಣವನ್ನು ಪರಿಶೀಲಿಸಿದ ಮೇಲೆಯೇ ಅವರನ್ನು ಕಾರ್ಯಕ್ರಮಕ್ಕೆ ಸೇರಿಸಿದೆವು. ಏಕಾಏಕಿ ನಿಷೇಧದ ಅತಿ ದೊಡ್ಡ ವೈದ್ಯಕೀಯ ಅಪಾಯ ಇದೇ. ಆದೇಶ ಬರೆಯುವವರಿಗೆ ಇದು ತಿಳಿದಿರುವುದು ಅಪರೂಪ.

ಸಿಬ್ಬಂದಿಯ ವಿಷಯ ಸೂಕ್ಷ್ಮವಾದದ್ದು. ರಾತ್ರಿ ಪಾಳಿಯ ವಾರ್ಡರನ ಬಾಯಿಂದ ಬೀಡಿಯ ವಾಸನೆ ಬರುತ್ತಿದ್ದರೆ ನನ್ನ ಮಾತಿಗೆ ಬೆಲೆ ಉಳಿಯುವುದಿಲ್ಲ. ಆದ್ದರಿಂದ ಅವರಿಗೂ ಅದೇ ಗಮ್, ಅದೇ ಸಲಹೆ, ಕರ್ತವ್ಯದ ವೇಳೆಯಲ್ಲಿ ಅದೇ ನಿಷೇಧ. ಹಲವರು ಬಂದಿಗಳಿಗಿಂತ ತಡವಾಗಿ ದಾರಿಗೆ ಬಂದರು.

ಹೊರದೇಶಗಳ ಉದಾಹರಣೆ ಕೊಡುವಾಗ ನಾನು ಎರಡನ್ನೂ ಹೇಳುತ್ತೇನೆ. ಸ್ಕಾಟ್ಲೆಂಡ್ ದಿನಾಂಕವನ್ನು ಬಹಳ ಮೊದಲೇ ಸಾರಿ, ಬಿಡಿಸುವ ಸೇವೆಗಳನ್ನು ಸಿದ್ಧಪಡಿಸಿ 2018ರ ನವೆಂಬರ್ 30ರಂದು ನಿಷೇಧ ತಂದಿತು. ಮೊದಲ ವಾರದಲ್ಲಿಯೇ ಕಾರಾಗೃಹಗಳ ಗಾಳಿಯಲ್ಲಿನ ಸೂಕ್ಷ್ಮ ಕಣಗಳು ಶೇ. 80ರಷ್ಟು ತಗ್ಗಿದ್ದು ಅಳತೆಗೆ ಸಿಕ್ಕಿತು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 2015ರ ಜೂನ್ 30ರಂದು, ನಿಷೇಧದ ಮುನ್ನಾದಿನ, ವಿಚಾರಣಾಧೀನರ ಕಾರಾಗೃಹದಲ್ಲಿ ದಂಗೆಯೇ ಎದ್ದಿತು. ಸ್ಕಾಟ್ಲೆಂಡಿನಲ್ಲಿ ಬಂದಿಗಳಿಗೆ ಇ-ಸಿಗರೇಟು ಕೊಟ್ಟಿದ್ದರು. ನಮ್ಮಲ್ಲಿ 2019ರಿಂದ ಅದಕ್ಕೇ ನಿಷೇಧವಿರುವುದರಿಂದ ಆ ದಾರಿ ಮುಚ್ಚಿದೆ, ಗಮ್ಮಿನ ಮೇಲಿನ ಭಾರ ಇನ್ನೂ ಹೆಚ್ಚು.

ಬಿಟ್ಟವರೆಲ್ಲ ಬಿಟ್ಟೇ ಉಳಿದರೆಂದು ನಾನು ಹೇಳುವುದಿಲ್ಲ. ಬಿಡುಗಡೆಯಾದ ದಿನವೇ ಬಸ್ ನಿಲ್ದಾಣದ ಅಂಗಡಿ ಕೈಬೀಸಿ ಕರೆಯುತ್ತದೆ. ತಂಬಾಕು ಬಿಡಲು ಇರುವ ಉಚಿತ ಸಹಾಯವಾಣಿ 1800-11-2356ಕ್ಕೆ ಒಳಗಿನಿಂದ ಕರೆ ಮಾಡುವುದು ಕಷ್ಟ. ಹಾಗಾಗಿ ಆ ಸಂಖ್ಯೆಯನ್ನೂ ಊರಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಬರೆದ ಚೀಟಿಯನ್ನೂ ಬಿಡುಗಡೆಯ ಕಾಗದಗಳ ಜೊತೆಗೇ ಕೊಡುತ್ತೇವೆ.

ನೆರೆಯ ತಾಲ್ಲೂಕುಗಳ ಸಣ್ಣ ಕಾರಾಗೃಹಗಳವರೂ ಈಗ ಈ ಕಾರ್ಯಕ್ರಮದ ಬಗ್ಗೆ ಕೇಳುತ್ತಿದ್ದಾರೆ. ಕಾಯಂ ವೈದ್ಯರಿಲ್ಲದ, ಗಮ್ ಪೂರೈಕೆಯ ಖಾತರಿಯಿಲ್ಲದ ಕಡೆ ರಾತ್ರಿ ಬ್ಯಾರಕ್ಕಿನೊಳಗಿನ ಧೂಮಪಾನವನ್ನು ಮಾತ್ರ ಈಗಲೇ ನಿಲ್ಲಿಸಿ, ಅಂಗಳದ ಬೀಡಿಯನ್ನು ಸದ್ಯಕ್ಕೆ ಮುಟ್ಟಬೇಡಿ ಎಂದೇ ನಾನು ಅವರಿಗೆ ಹೇಳುತ್ತಿದ್ದೇನೆ.