ನೋವಾ ಹುತಾದಲ್ಲಿ ಒಂದು ಮಧ್ಯಾಹ್ನ: ಕ್ರಾಕೋವ್‌ಗೆ ಹೊಸದಾಗಿ ಬಂದವರಿಗೆ

ಪೋಲೆಂಡಿನ ಕ್ರಾಕೋವ್‌ಗೆ ಕೆಲಸಕ್ಕೆಂದು ಬಂದ ನಮ್ಮವರು ಮೊದಲ ತಿಂಗಳಲ್ಲೇ ವಾವೆಲ್ ಕೋಟೆ, ಹಳೆಯ ಪೇಟೆಯ ಚೌಕ, ಉಪ್ಪಿನ ಗಣಿ ಮೂರನ್ನೂ ನೋಡಿ ಮುಗಿಸಿ, ಊರಿಗೆ ಫೋಟೊ ಕಳಿಸಿ, ಆಮೇಲೆ ಬಾಡಿಗೆ ಮನೆ ಹುಡುಕಲು ಕೂರುತ್ತಾರೆ. ಕೈಗೆಟುಕುವ ಮನೆಗಳ ಪಟ್ಟಿಯಲ್ಲಿ ನೋವಾ ಹುತಾ ಎಂಬ ಹೆಸರು ಸಿಗುವುದು ಆಗ. ಕಚೇರಿಯಲ್ಲಿ ಯಾರನ್ನಾದರೂ ಕೇಳಿದರೆ ಮೂಗು ಮುರಿಯುತ್ತಾರೆ: "ಅಲ್ಲಿಗಾ? ಕಮ್ಯುನಿಸ್ಟರ ಕಾಲದ ಅಪಾರ್ಟ್‌ಮೆಂಟ್ ಬ್ಲಾಕುಗಳಲ್ಲವೇ ಅವು?" ಆ ಮಾತಿಗೆ ತಲೆಯಾಡಿಸುವ ಮೊದಲು ಒಂದು ಮಧ್ಯಾಹ್ನ ಅಲ್ಲಿ ನಡೆದು ಬನ್ನಿ. ನಾನು ಒಂಬತ್ತು ವರ್ಷದಿಂದ ಅಲ್ಲೇ ಇದ್ದೇನೆ. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತವಿದ್ದೀತು, ಅಷ್ಟನ್ನು ಕಳೆದು ಓದಿಕೊಳ್ಳಿ.

ಒಬ್ಬರೇ ಹೋಗುವುದಕ್ಕಿಂತ ಮಾರ್ಗದರ್ಶಕರ ಜೊತೆ ಹೋಗುವುದು ಮೇಲು. ಹಳೆಯ ಟ್ರಾಬಂಟ್ ಕಾರಿನಲ್ಲಿ ಕೂರಿಸಿಕೊಂಡು, ವೋಡ್ಕಾ ಕುಡಿಸಿ, ನಗೆಹನಿ ಹೇಳಿ ಕಳಿಸುವ ಪ್ರವಾಸಗಳೂ ಇವೆ. ನನಗೆ ಅವು ಸೇರುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದವರು ನಡೆಸಿಕೊಂಡು ಹೋಗುವ ನಡಿಗೆಯನ್ನು ಹುಡುಕಿ. ನಾನು ಹೋದಾಗ ಸಿಕ್ಕವರು ಎಪ್ಪತ್ತು ದಾಟಿದ ಹೆಂಗಸು. ತಂದೆ ಹಳ್ಳಿ ಬಿಟ್ಟು ಇಟ್ಟಿಗೆ ಕೆಲಸಕ್ಕೆ ಬಂದವರಂತೆ. ತಾವು ಆಡಿದ ಅಂಗಳವನ್ನೇ ನಮಗೆ ತೋರಿಸುತ್ತಿದ್ದವರ ಎದುರು ಲೆನಿನ್ ಜೋಕು ಹೇಳಲು ನಮ್ಮ ಗುಂಪಿನ ಯಾರಿಗೂ ಬಾಯಿ ಬರಲಿಲ್ಲ.

ಮುಖ್ಯ ರೈಲು ನಿಲ್ದಾಣದಿಂದ 4ನೇ ನಂಬರಿನ ಟ್ರಾಮ್ ಹಿಡಿದರೆ ಅರ್ಧ ಗಂಟೆಯೊಳಗೆ ಪ್ಲಾಟ್ಸ್ ಸೆಂಟ್ರಾಲ್ನಿ, ಅಂದರೆ ಕೇಂದ್ರ ಚೌಕ. ಕಾಗದದ ಟಿಕೆಟ್ ಕೊಂಡರೆ ಹತ್ತಿದ ತಕ್ಷಣ ಒಳಗಿನ ಪೆಟ್ಟಿಗೆಗೆ ಒತ್ತಿ ಮುದ್ರೆ ಹಾಕಿಸಿಕೊಳ್ಳಿ. ಜೇಬಿನಲ್ಲಿ ಟಿಕೆಟ್ ಇಟ್ಟುಕೊಂಡೇ ದಂಡ ತೆತ್ತ ಕನ್ನಡಿಗರಲ್ಲಿ ನಾನೂ ಒಬ್ಬಳು.

ನೋವಾ ಹುತಾ ಎಂದರೆ ಹೊಸ ಉಕ್ಕಿನ ಕಾರ್ಖಾನೆ. 1949ರಲ್ಲಿ ಮೊಗಿವಾ ಮತ್ತು ಸುತ್ತಲಿನ ಹಳ್ಳಿಗಳ ಫಲವತ್ತಾದ ಹೊಲಗಳನ್ನು ಸರ್ಕಾರ ವಶಪಡಿಸಿಕೊಂಡು ಕಾರ್ಖಾನೆಗೂ ಅದರ ಕಾರ್ಮಿಕರಿಗೂ ಹೊಸದೊಂದು ನಗರ ಕಟ್ಟಲು ಹೊರಟಿತು. ನಕ್ಷೆ ಹಾಕಿದ ತಂಡದ ಮುಖ್ಯಸ್ಥ ತದೆಉಷ್ ಪ್ತಾಷಿಟ್ಸ್ಕಿ. ಒಂದು ಲಕ್ಷ ಜನರಿಗೆಂದು ಲೆಕ್ಕ ಹಾಕಿದ್ದ ಈ ಊರನ್ನು 1951ರಲ್ಲಿ ಕ್ರಾಕೋವ್‌ಗೆ ಸೇರಿಸಿದರು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಒಂದು ವಿಷಯ ಮಾತ್ರ ಇಂದಿಗೂ ವಿಚಿತ್ರ ಅನಿಸುತ್ತದೆ. ನಮ್ಮಲ್ಲಿ ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು. ಕಾರ್ಖಾನೆ ಅಲ್ಲೇ ಯಾಕೆ ಬಂತು ಎಂದು ಮಕ್ಕಳೂ ಹೇಳಬಲ್ಲರು. ಇಲ್ಲಿ ಸುತ್ತಮುತ್ತ ಅದಿರಿಲ್ಲ. ಅದು ಸೋವಿಯತ್ ಉಕ್ರೇನಿನಿಂದ ರೈಲಿನಲ್ಲಿ ಬರುತ್ತಿತ್ತು, ಕಲ್ಲಿದ್ದಲು ಸಿಲೇಸಿಯಾದಿಂದ. ಪಂಡಿತರೂ ಪಾದ್ರಿಗಳೂ ತುಂಬಿದ್ದ ಹಳೆಯ ಕ್ರಾಕೋವ್‌ನ ಪಕ್ಕದಲ್ಲಿ ಕಾರ್ಮಿಕರ ಊರೊಂದನ್ನು ತಂದು ಕೂರಿಸುವ ಲೆಕ್ಕಾಚಾರವೇ ಕಾರಣ ಎಂದು ಇಲ್ಲಿನವರು ಹೇಳುತ್ತಾರೆ.

ಚೌಕದಲ್ಲಿ ನಿಂತರೆ ಬೀದಿಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡಿರುವುದು ಕಾಣುತ್ತದೆ. ಕಮಾನುಗಳ ಕೆಳಗೆ ಅಂಗಡಿಗಳು, ಮೇಲೆ ಮನೆಗಳು. ದಕ್ಷಿಣಕ್ಕೆ ಮಾತ್ರ ಬಯಲು. ಅಲ್ಲೊಂದು ದೊಡ್ಡ ರಂಗಮಂದಿರ ಬರಬೇಕಿತ್ತು, ಬರಲೇ ಇಲ್ಲ. ಪುರಭವನವೂ ನಕ್ಷೆಯಲ್ಲೇ ಉಳಿಯಿತು. ಹಾಗಾಗಿ ಇಂದು ಚೌಕದಿಂದ ನಾಲ್ಕು ಹೆಜ್ಜೆ ಇಟ್ಟರೆ ಹುಲ್ಲುಗಾವಲು. ನಗರದ ನಡುವೆಯೇ ಮೇ ತಿಂಗಳಲ್ಲಿ ಕಪ್ಪೆ ವಟಗುಟ್ಟುವುದನ್ನು ಕೇಳಬೇಕೆಂದರೆ ಅಲ್ಲಿಗೆ ಇಳಿಯಿರಿ. ಇನ್ನು ಚೌಕಕ್ಕೆ 2004ರಲ್ಲಿ ಇಟ್ಟ ಹೆಸರು ಯಾರದು ಗೊತ್ತೇ? ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ಅವರದು.

ಉತ್ತರಕ್ಕೆ ಅಲೇಯಾ ರುಷ್, ಗುಲಾಬಿಗಳ ಬೀದಿ. 1973ರಲ್ಲಿ ಇಲ್ಲಿ ಲೆನಿನ್ ಪ್ರತಿಮೆ ನಿಲ್ಲಿಸಿದರು. 1979ರಲ್ಲಿ ಯಾರೋ ಬಾಂಬ್ ಇಟ್ಟರು. ಹೋದದ್ದು ಪ್ರತಿಮೆಯ ಹಿಮ್ಮಡಿ ಮಾತ್ರ. 1989ರ ಡಿಸೆಂಬರಿನಲ್ಲಿ ಪ್ರತಿಮೆಯನ್ನೇ ಕ್ರೇನಿನಿಂದ ಎತ್ತಿ ಸಾಗಿಸಿದರು. ಆಮೇಲೆ ಅದನ್ನು ಸ್ವೀಡನ್ನಿನ ಮನರಂಜನಾ ಉದ್ಯಾನವೊಂದು ಕೊಂಡುಕೊಂಡಿತು.

ಬೀದಿಯಿಂದ ಬಲಕ್ಕೋ ಎಡಕ್ಕೋ ಯಾವುದಾದರೂ ಕಮಾನಿನೊಳಗೆ ನುಗ್ಗಿ. ಈ ಊರಿನ ಜೀವ ಇರುವುದು ಒಳಗೆ. ನಾಲ್ಕೂ ಕಡೆ ಮೂರು–ನಾಲ್ಕು ಅಂತಸ್ತಿನ ಬ್ಲಾಕುಗಳು, ನಡುವೆ ದೊಡ್ಡ ಅಂಗಳ, ದೊಡ್ಡ ಮರಗಳು, ಶಿಶುವಿಹಾರ. ಶಾಲೆಗೆ ಹೋಗಲು ಮಗು ದೊಡ್ಡ ರಸ್ತೆ ದಾಟುವ ಅಗತ್ಯ ಬರಬಾರದು ಎಂಬ ಲೆಕ್ಕ. ಈ ಕಲ್ಪನೆಯ ಬೇರು 1920ರ ದಶಕದ ಅಮೆರಿಕದಲ್ಲಿದೆ ಎಂದರೆ ನಮ್ಮ ಮಾರ್ಗದರ್ಶಕರು ತುಂಟ ನಗೆ ನಗುತ್ತಿದ್ದರು. ಅಂಗಳದಲ್ಲಿ ಎದೆಯೆತ್ತರದ ಕಬ್ಬಿಣದ ಚೌಕಟ್ಟೊಂದು ಕಾಣುತ್ತದೆ. ಹೆಸರು ತ್ಷೆಪಾಕ್. ರತ್ನಗಂಬಳಿಯನ್ನು ಅದರ ಮೇಲೆ ಹೊದಿಸಿ ಬೆತ್ತದ ಬಡಿಗೆಯಿಂದ ಧೂಳು ಬಡಿಯುತ್ತಿದ್ದರು. ಈಗ ಮನೆಮನೆಯಲ್ಲೂ ವ್ಯಾಕ್ಯೂಮ್ ಕ್ಲೀನರ್. ಆದರೂ ಚೌಕಟ್ಟಿನ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿರುತ್ತದೆ, ಮಕ್ಕಳು ಮಂಡಿ ಸಿಕ್ಕಿಸಿ ತಲೆಕೆಳಗಾಗಿ ನೇತಾಡಿ ನೇತಾಡಿ. ನನ್ನ ಮಗಳು ಇಲ್ಲಿನ ಭಾಷೆಯಲ್ಲಿ ಮೊದಲ ಗೆಳತಿಯನ್ನು ಸಂಪಾದಿಸಿದ್ದು ಹಾಗೆ ನೇತಾಡುತ್ತಲೇ.

ಇಲ್ಲಿಯ ವಿಳಾಸದ ಬಗ್ಗೆ ಒಂದು ಎಚ್ಚರಿಕೆ. ಬೀದಿಯ ಹೆಸರು ಇರುವುದಿಲ್ಲ. ಒಶೆಡ್ಲೆ, ಅಂದರೆ ಬಡಾವಣೆ, ಆಮೇಲೆ ಬ್ಲಾಕ್ ನಂಬರ್, ಆಮೇಲೆ ಮನೆ ನಂಬರ್. ಬ್ಲಾಕುಗಳ ನಂಬರು ಸಾಲಾಗಿ ಬರುತ್ತದೆ ಎಂಬ ಭ್ರಮೆ ಬೇಡ. ಬೆಂಗಳೂರಿನ ಮೇನು–ಕ್ರಾಸುಗಳಲ್ಲಿ ದಾರಿ ತಪ್ಪಿದವರಿಗೆ ಇದು ಹೊಸ ಕಷ್ಟವೇನಲ್ಲ. ಹೆಸರುಗಳು ಮಾತ್ರ ಚೆಂದ: ಗಾಜಿನ ಮನೆಗಳು, ಬಿಸಿಲಿನ ಬಡಾವಣೆ, ಉಕ್ಕಿನ ಬಡಾವಣೆ. ಗಾಜಿನ ಮನೆಗಳ ಬಡಾವಣೆಯಲ್ಲಿರುವ 'ಸ್ವೀಡಿಷ್ ಬ್ಲಾಕ್' ತಪ್ಪಿಸಬೇಡಿ. ಸ್ಟಾಲಿನ್ ಸತ್ತ ಮೇಲೆ ಕಟ್ಟಿದ್ದು. ಸ್ಟಾಲಿನ್ ಕಾಲದ ಕಟ್ಟಡಗಳಲ್ಲಿರುವ ಕಂಬ, ಕಮಾನು, ಅಲಂಕಾರ ಒಂದೂ ಇದರಲ್ಲಿಲ್ಲ. ಆಗಿನ ಗಾಳಿ ಎತ್ತ ತಿರುಗಿತ್ತು ಎಂಬುದು ಎರಡು ಕಟ್ಟಡಗಳ ನಡುವೆಯೇ ತಿಳಿಯುತ್ತದೆ.

ದೇವರಿಲ್ಲದ ಮಾದರಿ ನಗರ ಇದಾಗಬೇಕಿತ್ತು. ಚರ್ಚಿಗೆಂದು ಮೀಸಲಿಟ್ಟಿದ್ದ ಜಾಗದಲ್ಲಿ ಜನ ನಿಲ್ಲಿಸಿದ ಶಿಲುಬೆಯನ್ನು 1960ರ ಏಪ್ರಿಲ್‌ನಲ್ಲಿ ತೆಗೆಸಲು ಬಂದಾಗ ಹೆಂಗಸರು ಮೊದಲು ಅಡ್ಡ ನಿಂತರು, ಗಲಾಟೆ ಬೀದಿಗೆ ಹಬ್ಬಿತು, ಪೊಲೀಸರು ಅಶ್ರುವಾಯು ಬಳಸಿದರು. ಶಿಲುಬೆ ಉಳಿಯಿತು. ಕೊನೆಗೆ ಸಮೀಪದ ಬೆಂಚಿಟ್ಸೆಯಲ್ಲಿ ಅರ್ಕಾ ಪಾನಾ ಎಂಬ ಹಡಗಿನಾಕಾರದ ಚರ್ಚು ಎದ್ದಿತು, ಹತ್ತು ವರ್ಷದ ಕೆಲಸ, ಬಹುಪಾಲು ಸ್ವಯಂಸೇವಕರದು. ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ: ಹೊಳೆಯ ಉರುಟು ಕಲ್ಲುಗಳನ್ನು ಒತ್ತೊತ್ತಾಗಿ ಹುದುಗಿಸಿದ್ದಾರೆ, ಅಂಥವು ಸುಮಾರು ಇಪ್ಪತ್ತು ಲಕ್ಷವಂತೆ. 1977ರ ಮೇ ತಿಂಗಳಲ್ಲಿ ಇದನ್ನು ಪ್ರತಿಷ್ಠಾಪಿಸಿದವರು ಆಗಿನ ಕಾರ್ಡಿನಲ್ ಕಾರೋಲ್ ವೊಯ್ತಿವಾ. ಮರುವರ್ಷ ಅವರೇ ಎರಡನೇ ಜಾನ್ ಪಾಲ್ ಎಂಬ ಹೆಸರಿನಲ್ಲಿ ಪೋಪ್ ಆದರು. 1982ರ ಅಕ್ಟೋಬರಿನಲ್ಲಿ, ಸೇನಾಡಳಿತದ ಕಾಲದಲ್ಲಿ, ಇಪ್ಪತ್ತು ವರ್ಷದ ಕಾರ್ಮಿಕ ಬೊಗ್ದಾನ್ ವ್ವೊಶಿಕ್‌ನನ್ನು ಗುಂಡಿಕ್ಕಿ ಕೊಂದದ್ದು ಇದರ ಹತ್ತಿರವೇ. ಮಾರ್ಗದರ್ಶಕರು ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರೆ ನೀವೂ ಸುಮ್ಮನಿರಿ. ಪ್ರಶ್ನೆ ಆಮೇಲೆ ಕೇಳಬಹುದು.

ಕಾಲಿಗೆ ಶಕ್ತಿ ಉಳಿದಿದ್ದರೆ ಕಾರ್ಖಾನೆಯ ಬಾಗಿಲವರೆಗೂ ಹೋಗಿ. ಇಲ್ಲದಿದ್ದರೆ ಟ್ರಾಮ್ ಇದೆ. ಒಂದು ಕಾಲಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಇಲ್ಲಿ ದುಡಿಯುತ್ತಿದ್ದರು. ಕೊನೆಯ ಊದುಕುಲುಮೆಯನ್ನು ಶಾಶ್ವತವಾಗಿ ಮುಚ್ಚುವ ನಿರ್ಧಾರ ಹೊರಬಿದ್ದದ್ದು 2020ರಲ್ಲಿ. ಬಾಗಿಲ ಎರಡೂ ಬದಿಯ ಆಡಳಿತ ಕಟ್ಟಡಗಳ ನೆತ್ತಿಯಂಚಿಗೆ ಅರಮನೆಗಳಿಗಿರುವಂಥ ಕೋಟೆತೆನೆಗಳಿವೆ. ಕೆಳಗೆ, ನೆಲದಡಿಯಲ್ಲಿ, ಅಣುಯುದ್ಧದ ಭಯಕ್ಕೆ ಕಟ್ಟಿದ ಆಶ್ರಯತಾಣ.

ಭಾನುವಾರ ಹೋಗುವವರು ನೀರು, ತಿಂಡಿ ಕಟ್ಟಿಕೊಳ್ಳಿ; ಹೆಚ್ಚಿನ ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಬೇರೆ ದಿನವಾದರೆ ಊಟಕ್ಕೆ ಚೌಕದ ಹತ್ತಿರದ 'ಬಾರ್ ಮ್ಲೆಚ್ನಿ'. ಬಾರ್ ಎಂದು ಹೆದರಬೇಡಿ, ಹಾಲಿನ ಬಾರ್ ಅದು, ಅಗ್ಗದ ಊಟದ ಮನೆ. ಸಸ್ಯಾಹಾರಿಗಳು ಪಿಯೆರೊಗಿ ರುಸ್ಕಿಯೆ ಕೇಳಬಹುದು: ಆಲೂಗಡ್ಡೆ, ಪನೀರಿನಂಥ ಚೀಸ್ ತುಂಬಿದ ಕಡುಬು. ಆದರೆ ಮೇಲೆ ಹಂದಿಕೊಬ್ಬಿನ ಚೂರು ಉದುರಿಸಿ ಕೊಡುವ ರೂಢಿಯಿದೆ. ಮೊದಲೇ "ಬೆಸ್ ಸ್ಕ್ವಾರೆಕ್" ಎನ್ನಿ, ಅದು ಬೇಡ ಎಂದರ್ಥ. ಕೌಂಟರಿನ ಹೆಂಗಸಿಗೆ "ಜೆನ್ ದೊಬ್ರಿ" ಎಂಬ ನಮಸ್ಕಾರ ಹೇಳದೆ ಬಾಯಿ ತೆರೆಯಬೇಡಿ, ತಿಂದ ತಟ್ಟೆಯನ್ನು ನೀವೇ ಎತ್ತಿ ಕಿಟಕಿಯಲ್ಲಿ ಇಡಿ. ನಾನು ಮೊದಲ ಸಲ ಮೇಜಿನ ಮೇಲೆಯೇ ಬಿಟ್ಟು ಎದ್ದಿದ್ದೆ. ಹಿಂದಿನ ಮೇಜಿನ ಮುದುಕರೊಬ್ಬರು ಒಂದು ಮಾತೂ ಆಡದೆ ನನ್ನ ತಟ್ಟೆಯನ್ನು ತಮ್ಮ ತಟ್ಟೆಯ ಮೇಲಿಟ್ಟುಕೊಂಡು ಹೋಗಿ ಕೊಟ್ಟುಬಂದರು.