ಕಾಲುವೆಯಿಂದ 500 ಮೀಟರ್: ಕಂಪ್ಯೂಟರ್ ಹ್ಯಾಂಗ್ ಆಗದ ಹಾಗೆ ಬಫರ್ ಹಾಕುವುದು ಹೇಗೆ?

ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ ಜಿಲ್ಲೆ ದಾಟಿ ರಾಯಚೂರಿಗೆ ಬರುತ್ತದೆ. ಅದರ ಉಪಕಾಲುವೆಗಳಿಂದ 500 ಮೀಟರ್ ಒಳಗೆ ಯಾವ್ಯಾವ ಹೊಲ ಇವೆ ಅಂತ ನಕ್ಷೆಯಲ್ಲಿ ತೋರಿಸಬೇಕು ಅಂದುಕೊಳ್ಳಿ. ಗೆರೆಯ ಎರಡೂ ಬದಿಗೆ ಬರುವ ಆ ಪಟ್ಟಿಯೇ ಬಫರ್. ಉಚಿತವಾಗಿ ಸಿಗುವ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಒಂದು ಕಾಲುವೆಗಾದರೆ ಕ್ಷಣದ ಕೆಲಸ. ಸಾವಿರಾರು ಗೆರೆ ಇದ್ದರೆ ಫಜೀತಿ.

ಮೊದಲು ಅಳತೆ ನೋಡಿ. ನಾನು ಮೊದಲ ಸಲ 500 ಅಂತ ಹೊಡೆದು ರನ್ ಒತ್ತಿದಾಗ ಇಡೀ ನಕ್ಷೆ ಒಂದೇ ಬಣ್ಣ ಆಗಿತ್ತು, ಸಿಂಧನೂರೂ ಇಲ್ಲ, ಮಾನ್ವಿಯೂ ಇಲ್ಲ. ಕಾಲುವೆಯ ಲೇಯರ್ (ನಕ್ಷೆಯ ಒಂದು ಪದರ) ಇದ್ದದ್ದು ಇಪಿಎಸ್‌ಜಿ 4326 ಅನ್ನುವ ಕೋಡ್‌ನ ಅಳತೆ ಪದ್ಧತಿಯಲ್ಲಿ, ಅಂದರೆ ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲಿ. ನಾನು ಕೇಳಿದ್ದು 500 ಡಿಗ್ರಿ! ಭೂಮಿ ಪೂರ್ತಿ ಸುತ್ತಿದರೂ ಇರೋದು 360 ಅಲ್ವಾ. ಹಾಗಂತ 0.005 ಹಾಕಿ ಅಡ್ಜಸ್ಟ್ ಮಾಡಬೇಡಿ. ಉತ್ತರ-ದಕ್ಷಿಣಕ್ಕೆ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ., ಪೂರ್ವ-ಪಶ್ಚಿಮಕ್ಕೆ ರಾಯಚೂರಿನ ಹತ್ತಿರ ಸುಮಾರು 107, ಪಟ್ಟಿ ಒಂದು ಕಡೆ ಸೊರಗುತ್ತದೆ.

‘ರೀಪ್ರೊಜೆಕ್ಟ್ ಲೇಯರ್’ ಬಳಸಿ ಮೀಟರ್‌ನಲ್ಲಿ ಅಳೆಯುವ ಇನ್ನೊಂದು ಪದ್ಧತಿ ಇಪಿಎಸ್‌ಜಿ 32643ಕ್ಕೆ ಬದಲಿಸಿ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರಕ್ಕೂ ಇದೇ ನಡೆಯುತ್ತದೆ. ಸುಮ್ನೆ ಪ್ರಾಪರ್ಟೀಸ್‌ನಲ್ಲಿ ಈ ಕೋಡ್ ನಂಬರ್ ಬದಲಿಸಿದರೆ ಒಳಗಿನ ಅಂಕಿಗಳು ಡಿಗ್ರಿಯಲ್ಲೇ ಉಳಿದು ನಿಮ್ಮ ಕಾಲುವೆ ಹಿಂದೂ ಮಹಾಸಾಗರದಲ್ಲಿ ತೇಲುತ್ತಿರುತ್ತದೆ.

ಆಮೇಲೆ ಭಾರ ಇಳಿಸಿ. ರಾಜ್ಯದ ಡೇಟಾ ಪೂರ್ತಿ ಯಾಕೆ? ನಿಮ್ಮ ತಾಲ್ಲೂಕಿನಷ್ಟು ಕ್ಲಿಪ್ ಮಾಡಿ (ಕತ್ತರಿಸಿ) ಇಟ್ಟುಕೊಳ್ಳಿ, ಆದರೆ ಗಡಿಯಾಚೆ ಒಂದು ಕಿಲೋಮೀಟರ್ ಜಾಸ್ತಿ ಬಿಡಿ, ಇಲ್ಲದಿದ್ದರೆ ಪಕ್ಕದ ತಾಲ್ಲೂಕಿನ ಕಾಲುವೆಗೆ ಅಂಟಿಕೊಂಡ ನಿಮ್ಮ ಕಡೆಯ ಹೊಲಗಳು ಲೆಕ್ಕಕ್ಕೇ ಬರುವುದಿಲ್ಲ. ಆಕಾರಗಳಲ್ಲಿನ ದೋಷ ಸರಿಪಡಿಸುವ ‘ಫಿಕ್ಸ್ ಜಿಯೋಮೆಟ್ರೀಸ್’ ಒಂದು ಸಲ ಓಡಿಸಿ. ‘ಸಿಂಪ್ಲಿಫೈ’ಗೆ 5 ಮೀಟರ್ ಕೊಟ್ಟರೆ ಬೇಡದ ಬಿಂದುಗಳು ಉದುರುತ್ತವೆ, 500 ಮೀಟರ್ ಪಟ್ಟಿಯಲ್ಲಿ ಆ ವ್ಯತ್ಯಾಸ ಕಣ್ಣಿಗೇ ಬೀಳಲ್ಲ. ಫೈಲನ್ನು ಜಿಯೋಪ್ಯಾಕೇಜ್ ಮಾದರಿಯಲ್ಲಿ ಉಳಿಸಿ, ಹಳೆಯ ಮಾದರಿಯಾದ ಶೇಪ್‌ಫೈಲ್‌ಗೆ 2 ಜಿಬಿ ಮಿತಿ ಇದೆ.

ಈಗ ಬಫರ್. ದೂರ 500, ತಿರುವಿನ ದುಂಡಗೆ ಎಷ್ಟು ನಯವಾಗಿರಬೇಕು ಅನ್ನುವ ಸೆಗ್ಮೆಂಟ್ಸ್ 5 ಇದ್ದದ್ದು ಹಾಗೇ ಇರಲಿ. ‘ಡಿಸಾಲ್ವ್’ಗೆ ಟಿಕ್ ಹಾಕಲೇಬೇಡಿ. ಹಾಕಿದರೆ ಎಲ್ಲ ಪಟ್ಟಿಯನ್ನೂ ಬೆಸೆದು ಒಂದೇ ದೊಡ್ಡ ಆಕಾರ ಮಾಡುತ್ತದೆ. ಬೆಸೆಯೋಕೆ ಹೊತ್ತು ಹಿಡಿಯುತ್ತದೆ, ಆಮೇಲೆ ಪ್ರತಿ ಹೊಲವನ್ನೂ ಆ ಇಡೀ ಆಕಾರದ ಜೊತೆ ಹೋಲಿಸುವಾಗ ಇನ್ನೂ ನಿಧಾನ. ತುಂಡುಗಳಾಗೇ ಇಟ್ಟು ‘ಸ್ಪೇಷಿಯಲ್ ಇಂಡೆಕ್ಸ್’ ಮಾಡಿ, ಅದು ಹತ್ತಿರದ ತುಂಡುಗಳನ್ನು ಬೇಗ ಹುಡುಕಿಕೊಡುವ ಸೂಚಿ. ಒಟ್ಟು ಎಷ್ಟು ಎಕರೆ ಅಂತ ಬೇಕಾದಾಗ ಮಾತ್ರ ಡಿಸಾಲ್ವ್ ಮಾಡಿದರಾಯಿತು, ಯಾಕೆಂದರೆ ಆಗ ಒಂದರ ಮೇಲೊಂದು ಬಿದ್ದ ಜಾಗ ಎರಡು ಸಲ ಎಣಿಕೆಯಾಗಬಾರದು.

ಅಂದಹಾಗೆ, ನಿಮಗೆ ಬೇಕಿರುವುದು ಯಾವ್ಯಾವ ಹೊಲ ಅನ್ನುವ ಲಿಸ್ಟ್ ಮಾತ್ರವೇ? ಹಾಗಾದರೆ ಬಫರ್ ಗೊಡವೆಯೇ ಬೇಡ. ‘ಸೆಲೆಕ್ಟ್ ವಿತಿನ್ ಡಿಸ್ಟೆನ್ಸ್’ ತೆರೆದು 500 ಕೊಡಿ.